ಸಂಘ, ಸಮ್ಮೇಳನ, ವೇದಿಕೆ: ಆಪ್ತಸಮಾಲೋಚಕರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಹದಿನೈದು ವರ್ಷಗಳಿಂದ ಆಪ್ತಸಮಾಲೋಚನೆ ಮಾಡುತ್ತಿದ್ದೇನೆ. ಎರಡು ಸಂಘಗಳ ಸದಸ್ಯೆ. ಅವುಗಳಲ್ಲಿ ಒಂದಕ್ಕೆ ಮೂರು ವರ್ಷ ಖಜಾಂಚಿಯೂ ಆಗಿದ್ದೆ. ಕೆಳಗಿನ ಪ್ರಶ್ನೆಗಳು ಸಮ್ಮೇಳನದ ಊಟದ ಸಾಲಿನಲ್ಲಿ, ತರಬೇತಿ ಮುಗಿದ ಮೇಲೆ ಮೆಟ್ಟಿಲ ಬಳಿ, ರಾತ್ರಿ ಹತ್ತು ದಾಟಿದ ಮೇಲೆ ಬರುವ ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ ಮತ್ತೆ ಮತ್ತೆ ಎದುರಾದವು. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ. ಉತ್ತರಗಳು ನನ್ನವು, ಒಪ್ಪದವರೂ ಇದ್ದಾರೆ.

## ಸೇರುವ ಮೊದಲು

ಸಂಘಕ್ಕೆ ಸೇರದಿದ್ದರೆ ಆಪ್ತಸಮಾಲೋಚನೆ ಮಾಡುವಂತಿಲ್ಲವೇ, ಮೇಡಂ?

ಮಾಡಬಹುದು. ಸಂಘದ ಸದಸ್ಯತ್ವ ಬೇರೆ, ಕಾನೂನಿನ ನೋಂದಣಿ ಬೇರೆ. ಕ್ಲಿನಿಕಲ್ ಸೈಕಾಲಜಿಸ್ಟ್ (ಚಿಕಿತ್ಸಾ ಮನಃಶಾಸ್ತ್ರಜ್ಞ) ಆಗಿ ಕೆಲಸ ಮಾಡಲು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಬೇಕು. ಅದು 1992ರ ಕಾಯ್ದೆಯಡಿ ನಡೆಯುವ ಶಾಸನಬದ್ಧ ಸಂಸ್ಥೆ, ಸಂಘವಲ್ಲ. ಆಪ್ತಸಮಾಲೋಚಕರ ವಿಷಯ ಬಹುಕಾಲ ಯಾವ ಕಾಯ್ದೆಯ ಕೈಗೂ ಸಿಗದೆ ಉಳಿದಿತ್ತು. ಅಲೈಡ್ ಮತ್ತು ಆರೋಗ್ಯರಕ್ಷಣಾ ವೃತ್ತಿಗಳ ರಾಷ್ಟ್ರೀಯ ಆಯೋಗಕ್ಕಾಗಿ 2021ರಲ್ಲಿ ಬಂದ ಕಾಯ್ದೆ ತನ್ನ ಅನುಸೂಚಿಯಲ್ಲಿ ವರ್ತನಾ ಆರೋಗ್ಯಕ್ಕೆಂದೇ ಒಂದು ವಿಭಾಗ ಮಾಡಿ, ಮನಃಶಾಸ್ತ್ರಜ್ಞರು, ಸಮಾಜಕಾರ್ಯಕರ್ತರು, ಕೆಲವು ಬಗೆಯ ಸಮಾಲೋಚಕರು ಎಲ್ಲರನ್ನೂ ಅದರೊಳಗೆ ತಂದಿದೆ. ರಾಜ್ಯ ಮಟ್ಟದಲ್ಲಿ ಪರಿಷತ್ತು ಮತ್ತು ನೋಂದಣಿ ಪುಸ್ತಕ ಇರಬೇಕೆನ್ನುವುದೂ ಆ ಕಾಯ್ದೆಯೇ. ಯಾವ ಸಂಘ ಸೇರಿದರೂ ಬಿಟ್ಟರೂ ಈ ರಾಜ್ಯ ಪರಿಷತ್ತಿನ ಪ್ರಕಟಣೆಗಳನ್ನು ಓದುವುದನ್ನು ಮಾತ್ರ ಬಿಡಬೇಡಿ.

ಯಾವ ಸಂಘಕ್ಕೆ ಸೇರಲಿ? ಹೆಸರುಗಳೆಲ್ಲ ಒಂದೇ ತರಹ ಕಾಣುತ್ತವೆ.

ನಿಮ್ಮ ಓದು ಯಾವುದು, ದಿನನಿತ್ಯದ ಕೆಲಸ ಯಾವುದು ಎನ್ನುವುದರ ಮೇಲೆ ಹೋಗುತ್ತದೆ. ಎಂ.ಫಿಲ್. ಮುಗಿಸಿದ ಕ್ಲಿನಿಕಲ್ ಸೈಕಾಲಜಿಸ್ಟರಿಗೆ 1968ರಲ್ಲಿ ಹುಟ್ಟಿದ ಇಂಡಿಯನ್ ಅಸೋಸಿಯೇಷನ್ ಆಫ್ ಕ್ಲಿನಿಕಲ್ ಸೈಕಾಲಜಿಸ್ಟ್ಸ್ ಇದೆ. ಸಮಾಜಕಾರ್ಯ ಓದಿದವರು ಇಂಡಿಯನ್ ಸೊಸೈಟಿ ಆಫ್ ಪ್ರೊಫೆಷನಲ್ ಸೋಷಿಯಲ್ ವರ್ಕ್ ಕಡೆ ನೋಡಬಹುದು; ಅದರ ಹಳೆಯ ಹೆಸರಿನಲ್ಲಿ ‘ಪ್ರೊಫೆಷನಲ್’ ಬದಲು ‘ಸೈಕಿಯಾಟ್ರಿಕ್’ ಎಂದಿತ್ತು. ಪಾಠ ಮತ್ತು ಸಂಶೋಧನೆಯಲ್ಲಿ ಇರುವವರಿಗೆ ನ್ಯಾಷನಲ್ ಅಕಾಡೆಮಿ ಆಫ್ ಸೈಕಾಲಜಿ. 1947ರಷ್ಟು ಹಳೆಯದಾದ ಇಂಡಿಯನ್ ಸೈಕಿಯಾಟ್ರಿಕ್ ಸೊಸೈಟಿ ಮನೋವೈದ್ಯರ ಸಂಘ. ಟ್ರಾನ್ಸಾಕ್ಷನಲ್ ಅನಾಲಿಸಿಸ್‌ನಂಥ ಒಂದೇ ಪದ್ಧತಿಯಲ್ಲಿ ತರಬೇತಾದವರಿಗೆ ಆ ಪದ್ಧತಿಯ ಸಂಘವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಅಮೆರಿಕನ್ ಕೌನ್ಸೆಲಿಂಗ್ ಅಸೋಸಿಯೇಷನ್ ಸದಸ್ಯತ್ವದ ಬಗ್ಗೆ ಕೇಳುವವರು ಬಹಳ. 1952ರಿಂದ ಇರುವ ದೊಡ್ಡ ಸಂಘ ಅದು, ಪತ್ರಿಕೆ ಚೆನ್ನಾಗಿದೆ, ನೀತಿಸಂಹಿತೆಯನ್ನು ಓದಲೇಬೇಕು. ಆದರೆ ಅದರ ಸದಸ್ಯತ್ವ ಅಮೆರಿಕದಲ್ಲೇ ಪರವಾನಗಿ ಆಗುವುದಿಲ್ಲ, ಜಯನಗರದಲ್ಲಿ ಹೇಗೆ ಆದೀತು?

ಹಣ ಕಟ್ಟುವ ಮೊದಲು ಆ ಸಂಘದ ಒಂದು ಸಭೆಗೆ ಸುಮ್ಮನೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತು ಬನ್ನಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ನನ್ನದು ಡಿಪ್ಲೊಮಾ ಮಾತ್ರ. ಒಳಗೆ ಬಿಡುತ್ತಾರೆಯೇ?

ಪೂರ್ಣ ಸದಸ್ಯತ್ವಕ್ಕೆ ಸ್ನಾತಕೋತ್ತರ ಪದವಿ ಕೇಳುವ ಸಂಘಗಳು ಹೆಚ್ಚು. ಸಹಸದಸ್ಯ, ವಿದ್ಯಾರ್ಥಿ ಸದಸ್ಯ ಎಂಬ ಬಾಗಿಲುಗಳೂ ಹಲವು ಕಡೆ ಇವೆ. ಮತದ ಹಕ್ಕು ಇರಲಿಕ್ಕಿಲ್ಲ, ಕುಳಿತು ಕೇಳುವ ಹಕ್ಕು ಇರುತ್ತದೆ. ಅಷ್ಟು ಸಾಕು, ಶುರುಮಾಡಿ.

ಹಣ ಕಟ್ಟಿದರೆ ಒಂದು ವಾರದಲ್ಲಿ ಸದಸ್ಯತ್ವದ ಸರ್ಟಿಫಿಕೇಟ್ ಮನೆಗೇ ಬರುತ್ತದಂತೆ. ನಂಬಬಹುದೇ?

ಬರುತ್ತದೆ, ಚಿನ್ನದ ಬಣ್ಣದ ಮುದ್ರೆಯೂ ಇರುತ್ತದೆ. ಒಬ್ಬ ಹುಡುಗಿ ಅಂಥದ್ದನ್ನು ಚೌಕಟ್ಟು ಹಾಕಿಸಿ ನನಗೆ ತೋರಿಸಿದಳು. ಅದರ ಮೇಲೆ ‘ಲೈಸೆನ್ಸ್’ ಎಂಬ ಪದವಿತ್ತು, ವಿಳಾಸವಿರಲಿಲ್ಲ.

ನಾಲ್ಕು ಸಂಗತಿ ಕೇಳಿ ನೋಡಿ. ಸಂಘ ಯಾವ ಕಾಯ್ದೆಯಡಿ ನೋಂದಣಿಯಾಗಿದೆ? ನಮ್ಮಲ್ಲಿ ಹೆಚ್ಚಿನವು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಬರುತ್ತವೆ, ಬೈಲಾ (ಸಂಘದ ನಿಯಮಾವಳಿ) ಇರಲೇಬೇಕು. ಕಳೆದ ವಾರ್ಷಿಕ ಮಹಾಸಭೆ ಎಂದು ನಡೆಯಿತು, ಲೆಕ್ಕಪತ್ರ ಮಂಡಿಸಿದರೇ? ನಿಮ್ಮ ಅಂಕಪಟ್ಟಿಯನ್ನು ಯಾರಾದರೂ ಕೇಳಿದರೇ? ಕೊನೆಯದು, ನಾನು ಬಹಳ ಬೆಲೆ ಕೊಡುವುದು: ಸದಸ್ಯರ ಮೇಲೆ ದೂರು ಬಂದರೆ ವಿಚಾರಿಸಲು ಸಮಿತಿ ಇದೆಯೇ, ಅದು ಯಾರನ್ನಾದರೂ ಎಂದಾದರೂ ವಿಚಾರಿಸಿದೆಯೇ? ಈ ಪ್ರಶ್ನೆಗೆ ಮುಖ ಗಂಟು ಹಾಕಿಕೊಳ್ಳುವ ಸಂಘಕ್ಕೆ ದುಡ್ಡು ಕೊಡಬೇಡಿ.

ಹೆಸರಿನ ಮುಂದೆ ಸಂಘದ ಹೆಸರು ಹಾಕಿಕೊಳ್ಳಬಹುದೇ?

ಬೈಲಾ ಒಪ್ಪಿದರೆ ‘ಸದಸ್ಯರು’ ಎಂದು ಹಾಕಿಕೊಳ್ಳಿ. ಪದವಿಯ ಅಕ್ಷರಗಳ ಸಾಲಿನಲ್ಲಿ ಅದನ್ನು ತೂರಿಸಬೇಡಿ. ಬರುವವರು ಅದನ್ನೂ ಡಿಗ್ರಿಯೆಂದೇ ಓದಿಕೊಳ್ಳುತ್ತಾರೆ.

## ಸೇರಿದ ಮೇಲೆ

ಸೇರಿ ಎರಡು ವರ್ಷವಾಯಿತು. ಶುಭಾಶಯದ ಸಂದೇಶ ಬಿಟ್ಟು ಏನೂ ಸಿಕ್ಕಿಲ್ಲ. ನವೀಕರಿಸಬೇಕೇ?

ನಮ್ಮದು ಬಾಗಿಲು ಮುಚ್ಚಿಕೊಂಡು ಮಾಡುವ ಕೆಲಸ. ಅಡುಗೆಯವರ ಕೈರುಚಿಯನ್ನು ಉಂಡವರು ಹೇಳುತ್ತಾರೆ, ಮೇಷ್ಟರ ಪಾಠವನ್ನು ಪಕ್ಕದ ಕೊಠಡಿಯವರು ಕೇಳಿಸಿಕೊಳ್ಳುತ್ತಾರೆ. ನಾವು ಐವತ್ತು ನಿಮಿಷದಲ್ಲಿ ಏನು ಮಾಡಿದೆವು ಎನ್ನುವುದನ್ನು ನೋಡಿದ ಸಹೋದ್ಯೋಗಿ ಯಾರೂ ಇರುವುದಿಲ್ಲ. ಹತ್ತು ವರ್ಷ ಒಂದೇ ತಪ್ಪನ್ನು ಮಾಡಿಕೊಂಡು ಹೋಗಿ ಅದನ್ನೇ ಅನುಭವ ಎಂದು ಕರೆಯುವ ಅಪಾಯ ಈ ವೃತ್ತಿಯಲ್ಲಿ ಸದಾ ಇದೆ. ನನಗೆ ಸಂಘ ಬೇಕಾಗಿರುವುದು ಅದಕ್ಕೆ. ಆದರೆ ವರ್ಷದ ಚಂದಾ ಕಟ್ಟಿ ಮನೆಯಲ್ಲಿ ಕುಳಿತರೆ ಅದು ಸಿಗುವುದಿಲ್ಲ.

ನಾನು ಮಾಡಿದ್ದು ಇಷ್ಟು. ಸಂಘದ ಸದಸ್ಯರ ಪಟ್ಟಿ ಹಿಡಿದು ದಕ್ಷಿಣ ಬೆಂಗಳೂರಿನಲ್ಲಿ ಇರುವವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಇಪ್ಪತ್ತು ಜನರಲ್ಲಿ ಆರು ಜನ ಬಂದರು. ತಿಂಗಳ ಎರಡನೆಯ ಶನಿವಾರ ಒಬ್ಬರ ಮನೆಯಲ್ಲಿ ಸೇರಿ, ಹೆಸರು ಹೇಳದೆ ಒಂದು ಪ್ರಕರಣ ಮುಂದಿಡುವುದು, ಉಳಿದವರು ಪ್ರಶ್ನೆ ಕೇಳುವುದು, ಸಲಹೆ ಮಾತ್ರ ಕೊಡಬಾರದು ಎಂಬ ನಿಯಮ. ಸಲಹೆ ಕೊಡದೆ ಸುಮ್ಮನಿರಲು ಆಪ್ತಸಮಾಲೋಚಕರಿಗೆ ಎಷ್ಟು ಕಷ್ಟ ಎಂಬುದು ಮೊದಲ ತಿಂಗಳೇ ತಿಳಿಯಿತು. ಗುಂಪು ಈಗಲೂ ನಡೆಯುತ್ತಿದೆ.

ಇನ್ನೊಂದು ಉಪಾಯ: ಸಮ್ಮೇಳನದಲ್ಲಿ ನೋಂದಣಿ ಮೇಜಿನ ಕೆಲಸ ಕೇಳಿ ಪಡೆಯಿರಿ. ಯಾರಿಗೂ ಬೇಡದ ಕೆಲಸ ಅದು. ಬಂದವರೆಲ್ಲ ನಿಮ್ಮ ಮುಂದೆಯೇ ಹೆಸರು ಹೇಳಿ ಹೋಗುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಮುಖ್ಯ ಅತಿಥಿಗಿಂತ ನಿಮಗೆ ಹೆಚ್ಚು ಜನರ ಪರಿಚಯ.

ಕಾರ್ಯಕಾರಿ ಸಮಿತಿಗೆ ನಿಲ್ಲಿ ಎಂದು ಒತ್ತಾಯಿಸುತ್ತಿದ್ದಾರೆ. ನಿಲ್ಲಲೇ?

ಯಾರು ಒತ್ತಾಯಿಸುತ್ತಿದ್ದಾರೆ ನೋಡಿ. ಒಂದೇ ಕಾಲೇಜಿನವರು, ಒಬ್ಬರೇ ಗುರುಗಳ ಶಿಷ್ಯರು ಗುಂಪು ಕಟ್ಟಿಕೊಂಡು ನಿಮ್ಮನ್ನು ಸಂಖ್ಯೆ ತುಂಬಲು ಕರೆಯುತ್ತಿದ್ದರೆ ಬೇಡ. ಮನಸ್ಸಿನ ಬಗ್ಗೆ ಇಷ್ಟೆಲ್ಲ ಓದಿದವರ ಸಂಘದಲ್ಲಿ ಜಗಳ ಕಡಿಮೆ ಇರುತ್ತದೆ ಎಂದುಕೊಂಡಿದ್ದೆ. ಜಗಳ ಅಷ್ಟೇ ಇರುತ್ತದೆ, ಧ್ವನಿ ಮಾತ್ರ ಮೃದು. ಮೊದಲ ಅವಧಿಗೇ ಖಜಾಂಚಿಯಾಗಬೇಡಿ. ಟೀ ಖರ್ಚಿನ ರಸೀದಿ ಹುಡುಕುತ್ತ ನನ್ನ ಮೂರು ಮಾರ್ಚ್ ತಿಂಗಳು ಹೋದವು. ಶೈಕ್ಷಣಿಕ ಉಪಸಮಿತಿಯಲ್ಲಿ ಕೆಲಸ ಕಲಿಯಲು ಸಿಗುತ್ತದೆ.

ಸಭೆ, ಸಮ್ಮೇಳನ ಎಲ್ಲ ಇಂಗ್ಲಿಷಿನಲ್ಲೇ. ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಬಾಯಿ ಬಿಡುವುದು ಹೇಗೆ?

ಈ ಪ್ರಶ್ನೆ ಕೇಳುವವರ ಬಳಿ ಹೇಳಲು ಏನೂ ಇಲ್ಲದಿದ್ದ ಉದಾಹರಣೆ ನಾನು ಕಂಡಿಲ್ಲ. ನಮ್ಮಲ್ಲಿಗೆ ಬರುವವರು ‘ಖಿನ್ನತೆ’ ಎನ್ನುವುದಿಲ್ಲ, ‘ಡಿಪ್ರೆಷನ್’ ಎನ್ನುವುದೂ ಈಚೆಗೆ. ಎದೆ ಭಾರ, ಯಾವುದರಲ್ಲೂ ಮನಸ್ಸಿಲ್ಲ, ತಲೆಯೊಳಗೆ ಗುಂಯ್ ಎನ್ನುತ್ತದೆ, ಹೊಟ್ಟೆಗೆ ಬೆಂಕಿ ಬಿದ್ದಂತೆ ಎನ್ನುತ್ತಾರೆ. ‘ಬೇಜಾರು’ ಎಂಬ ಒಂದೇ ಪದದಲ್ಲಿ ಬೇಸರ, ದುಃಖ, ಸಣ್ಣ ಕೋಪ, ಆಯಾಸ ನಾಲ್ಕೂ ಇರುತ್ತವೆ. ಯಾವುದು ಎಂದು ಬಿಡಿಸಿ ಕೇಳುವುದರಲ್ಲೇ ಮೊದಲ ಭೇಟಿ ಕಳೆಯುತ್ತದೆ. ಇಂಗ್ಲಿಷ್ ಪ್ರಶ್ನಾವಳಿಯಲ್ಲಿ ಕಾಣದ ಈ ಸಂಗತಿಯನ್ನು ಹೇಳಬಲ್ಲವರು ನೀವೇ. ಪ್ರಬಂಧ ಇಂಗ್ಲಿಷಿನಲ್ಲೇ ಇರಬೇಕೆಂದರೂ ಬಂದವರ ಮಾತನ್ನು ಕನ್ನಡದಲ್ಲೇ ಓದಿ, ಆಮೇಲೆ ವಿವರಿಸಿ. ಕನ್ನಡ ಗೋಷ್ಠಿಯೊಂದು ಇರಲಿ ಎಂದು ಸಂಘಟಕರಿಗೆ ಲಿಖಿತವಾಗಿ ಕೇಳಿ. ಬಾಯಿಮಾತಿನಲ್ಲಿ ಕೇಳಿದ್ದು ಸಭೆಯ ನಡಾವಳಿಗೆ ಬರುವುದಿಲ್ಲ.

ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೊ ಕೇಂದ್ರ ನಡೆಸಿದ ಎಂ.ವಿ. ಗೋಪಾಲಸ್ವಾಮಿಯವರು ಮನಃಶಾಸ್ತ್ರದ ಪ್ರಾಧ್ಯಾಪಕರು. ಆ ಕೇಂದ್ರದ ಹೆಸರು ಆಕಾಶವಾಣಿ. ಮನಃಶಾಸ್ತ್ರದವರು ಜನರ ಕಿವಿಗೆ ತಲುಪುವ ಹಾದಿ ಹುಡುಕಿದ್ದು ಈ ನಾಡಿಗೆ ಹೊಸದೇನಲ್ಲ.

## ಮೊದಲ ಸಲ ಮಾತನಾಡುವವರಿಗೆ

ನನ್ನ ಬಳಿ ಸಂಶೋಧನೆ ಇಲ್ಲ. ಏನೆಂದು ಮಾತನಾಡಲಿ?

ನಿಮ್ಮ ಬಳಿ ಡೈರಿ ಇದೆ. ಒಂದು ವರ್ಷದಲ್ಲಿ ಎಷ್ಟು ಜನ ಮೊದಲ ಭೇಟಿಯ ನಂತರ ಬರಲಿಲ್ಲ? ಪರೀಕ್ಷೆಯ ಫಲಿತಾಂಶದ ಹಿಂದಿನ ದಿನ ಹೆಚ್ಚು ಕರೆ ಬರುತ್ತವೆಯೇ, ಮರುದಿನವೇ? ಪಿ.ಜಿ. (ಪೇಯಿಂಗ್ ಗೆಸ್ಟ್) ವಸತಿಯಲ್ಲಿ ಇರುವ ಹುಡುಗರು ಆನ್‌ಲೈನ್ ಭೇಟಿಗೆ ಎಲ್ಲಿ ಕುಳಿತು ಮಾತನಾಡುತ್ತಾರೆ? ತಾರಸಿಯಲ್ಲಿ, ನಿಲ್ಲಿಸಿದ ಸ್ಕೂಟರಿನ ಮೇಲೆ. ಇದೂ ವಿಷಯವೇ. ಸೋತ ಪ್ರಯತ್ನವನ್ನು ಮಂಡಿಸುವವರು ಅಪರೂಪ. ನಾನಂತೂ ಅಂಥ ಗೋಷ್ಠಿಯನ್ನು ಹುಡುಕಿಕೊಂಡು ಹೋಗುತ್ತೇನೆ.

ಒಂದು ಎಚ್ಚರ. ಅನುಭವ ಹೇಳುವುದು ಬೇರೆ, ಸಮಾಲೋಚನೆಗೆ ಬಂದವರಿಂದ ಸಂಶೋಧನೆಗೆಂದು ಮಾಹಿತಿ ಸಂಗ್ರಹಿಸುವುದು ಬೇರೆ. ಎರಡನೆಯದಕ್ಕೆ ನೀತಿ ಸಮಿತಿಯ (ಎಥಿಕ್ಸ್ ಕಮಿಟಿ) ಒಪ್ಪಿಗೆಯನ್ನು ಮೊದಲೇ ಪಡೆದಿರಬೇಕು. ಆದ ಮೇಲೆ ಕೇಳಿದರೆ ಕೊಡುವುದಿಲ್ಲ. ಒಬ್ಬರೇ ಪ್ರಾಕ್ಟೀಸ್ ಮಾಡುವವರು ಅಂಥ ಸಮಿತಿ ಇರುವ ಕಾಲೇಜಿನ ಅಧ್ಯಾಪಕರೊಬ್ಬರನ್ನು ಜೊತೆ ಮಾಡಿಕೊಳ್ಳುವುದು ರೂಢಿ.

ಸಮ್ಮೇಳನಕ್ಕೆ ಎರಡು ಸಲ ಪ್ರಬಂಧದ ಸಾರಾಂಶ ಕಳಿಸಿದೆ, ಎರಡು ಸಲವೂ ತಿರಸ್ಕರಿಸಿದರು. ಏನು ತಪ್ಪು?

ಕಳಿಸಿದ್ದನ್ನು ಓದದೆ ಹೇಳಲಾಗದು, ಆದರೆ ಊಹಿಸಬಲ್ಲೆ. ‘ಇಂದಿನ ಒತ್ತಡದ ಬದುಕಿನಲ್ಲಿ ಮಾನಸಿಕ ಆರೋಗ್ಯ ಬಹಳ ಮುಖ್ಯ’ ಎಂದು ಶುರುಮಾಡಿರುತ್ತೀರಿ. ಪರಿಶೀಲಿಸುವವರು ಅದೇ ವಾಕ್ಯವನ್ನು ಆ ಬೆಳಿಗ್ಗೆ ಹದಿನಾರನೆಯ ಸಲ ಓದುತ್ತಿರುತ್ತಾರೆ. ಅದರ ಬದಲು ಹೀಗೆ ಬರೆದರೆ ಹೇಗೆ: ‘ಪ್ರೌಢಶಾಲೆಯೊಂದರಲ್ಲಿ ಆಪ್ತಸಮಾಲೋಚನೆಯ ಕೋಣೆಯನ್ನು ಮುಖ್ಯೋಪಾಧ್ಯಾಯರ ಕೊಠಡಿಯ ಪಕ್ಕದಿಂದ ಗ್ರಂಥಾಲಯದ ಪಕ್ಕಕ್ಕೆ ಬದಲಿಸಿದೆವು. ತಾವಾಗಿಯೇ ಬರುವ ಮಕ್ಕಳ ಸಂಖ್ಯೆ ಮುಂದಿನ ಎರಡು ಅವಧಿಗಳಲ್ಲಿ ಹೇಗೆ ಬದಲಾಯಿತು ಎಂಬುದು ಈ ಪ್ರಬಂಧದ ವಿಷಯ.’ ಏನು ಮಾಡಿದಿರಿ, ಎಲ್ಲಿ, ಎಷ್ಟು ಜನರೊಂದಿಗೆ, ಏನು ಕಂಡಿತು, ಏನು ಕಾಣಲಿಲ್ಲ. ಪದಮಿತಿ ಮೀರಬೇಡಿ. ಭಾಷಣದ ಬದಲು ಪೋಸ್ಟರಿಗೆ (ಕೆಲಸವನ್ನು ದೊಡ್ಡ ಹಾಳೆಯಲ್ಲಿ ಬರೆದು ತೂಗುಹಾಕುವುದು) ಅವಕಾಶ ಕೊಡುತ್ತೇವೆ ಎಂದರೆ ಅವಮಾನ ಎಂದುಕೊಳ್ಳಬೇಡಿ. ಪೋಸ್ಟರಿನ ಮುಂದೆ ನಿಂತು ಮಾತನಾಡಿಸುವವರು ನಿಜವಾಗಿ ಆಸಕ್ತಿ ಇದ್ದವರು.

ಹತ್ತು ನಿಮಿಷದಲ್ಲಿ ಹೇಗೆ ಮುಗಿಸುವುದು?

ಒಂದೇ ಸಂಗತಿ ಹೇಳಿ. ಸಿದ್ಧಾಂತದ ಇತಿಹಾಸ ಬಿಡಿ, ಸಭಿಕರೂ ಅದನ್ನೇ ಓದಿ ಬಂದವರು. ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಜೋರಾಗಿ ಓದಿ. ಮನಸ್ಸಿನಲ್ಲಿ ಓದಿದ ಎಂಟು ನಿಮಿಷ ವೇದಿಕೆಯಲ್ಲಿ ಹದಿಮೂರಾಗುತ್ತದೆ.

ಕನ್ನಡ ಸ್ಲೈಡುಗಳ ಬಗ್ಗೆ ಒಂದು ಕಹಿ ಪಾಠ: ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಅಕ್ಷರದಲ್ಲಿ ಮಾಡಿಕೊಂಡು ಹೋದರೆ ಅವರ ಲ್ಯಾಪ್‌ಟಾಪಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲು ಬರುತ್ತದೆ. ಯೂನಿಕೋಡಿನಲ್ಲಿ ಟೈಪ್ ಮಾಡಿ, ಪಿಡಿಎಫ್ ಪ್ರತಿಯನ್ನೂ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ.

ವೇದಿಕೆ ಹತ್ತಿದರೆ ಕೈ ನಡುಗುತ್ತದೆ. ಆತಂಕಕ್ಕೆ ಸಮಾಲೋಚನೆ ಕೊಡುವ ನಾನೇ ಹೀಗಾದರೆ?

ಮೂಳೆ ವೈದ್ಯರೂ ಜಾರಿ ಬೀಳುತ್ತಾರೆ. ಕಾಗದ ಕೈಯಲ್ಲಿ ಹಿಡಿಯಬೇಡಿ, ನಡುಕ ಎದ್ದು ಕಾಣುತ್ತದೆ, ಮೇಜಿನ ಮೇಲಿಡಿ. ಮೊದಲ ಎರಡು ವಾಕ್ಯ ಬಾಯಿಪಾಠ ಇರಲಿ. ನಡುಗುವುದು ನಿಂತ ಮೇಲೆ ಮಾತನಾಡುತ್ತೇನೆ ಎಂದು ಕಾಯಬೇಡಿ, ಮಾತನಾಡುತ್ತ ಹೋದ ಹಾಗೆ ಕಡಿಮೆಯಾಗುತ್ತದೆ. ಇದನ್ನೇ ಅಲ್ಲವೇ ನಾವು ಬಂದವರಿಗೆ ಹೇಳುವುದು.

## ಅನುಭವಿಗಳ ಪ್ರಶ್ನೆಗಳು

ಹೆಸರು, ಊರು ಬದಲಿಸಿದರೆ ಕ್ಲೈಂಟ್ ಕಥೆ ಹೇಳಬಹುದಲ್ಲವೇ?

ನಾನೂ ಹಾಗೆಯೇ ಅಂದುಕೊಂಡಿದ್ದೆ. ಬಹಳ ವರ್ಷಗಳ ಹಿಂದೆ ಒಂದು ಸಮ್ಮೇಳನದಲ್ಲಿ ಹೆಸರು, ವಯಸ್ಸು, ಬಡಾವಣೆ ಎಲ್ಲ ಬದಲಿಸಿ ಒಬ್ಬರ ಕಥೆ ಹೇಳಿದೆ. ಒಂದು ವಿವರ ಮಾತ್ರ ಉಳಿಸಿದೆ. ಅದಿಲ್ಲದಿದ್ದರೆ ಕಥೆಗೆ ಜೀವವಿಲ್ಲ ಎನಿಸಿತ್ತು. ಟೀ ವಿರಾಮದಲ್ಲಿ ಒಬ್ಬರು ಹತ್ತಿರ ಬಂದು, ‘ಅದು ನಮ್ಮ ಅತ್ತಿಗೆಯ ವಿಷಯ ಅಲ್ಲವೇ?’ ಎಂದು ಮೆಲ್ಲಗೆ ಕೇಳಿದರು. ಅಲ್ಲ ಎಂದರೆ ಸುಳ್ಳು, ಹೌದು ಎಂದರೆ ದ್ರೋಹ. ‘ಈ ಬಗ್ಗೆ ನಾನು ಏನೂ ಹೇಳುವುದಿಲ್ಲ’ ಎಂದೆ. ಅಷ್ಟರಿಂದಲೇ ಅವರಿಗೆ ಉತ್ತರ ಸಿಕ್ಕಿತ್ತು. ಆ ವಿವರ ಯಾವುದೆಂದು ಇಲ್ಲಿಯೂ ಬರೆಯುವುದಿಲ್ಲ.

ಬೆಂಗಳೂರು ಕೋಟಿ ದಾಟಿದ ಊರು, ಆದರೆ ಕನ್ನಡ ಮಾತನಾಡುವ ಮಧ್ಯಮ ವರ್ಗದವರ ಬೆಂಗಳೂರು ಬಹಳ ಚಿಕ್ಕದು. ಎರಡು ಮದುವೆಮನೆಗೆ ಹೋಗಿ ಬಂದರೆ ಎಲ್ಲರೂ ಎಲ್ಲರಿಗೂ ನೆಂಟರು.

ಕಾನೂನನ್ನೂ ಓದಿಕೊಳ್ಳಿ. 2017ರ ಮಾನಸಿಕ ಆರೋಗ್ಯರಕ್ಷಣಾ ಕಾಯ್ದೆಯ 23ನೆಯ ಸೆಕ್ಷನ್ ಚಿಕಿತ್ಸೆ ಕೊಡುವ ಆರೋಗ್ಯ ವೃತ್ತಿಪರರ ಮೇಲೆ ಗೌಪ್ಯತೆಯ ಹೊಣೆ ಹಾಕುತ್ತದೆ. 24ನೆಯದು ಚಿಕಿತ್ಸೆಯಲ್ಲಿರುವವರ ಭಾವಚಿತ್ರವಾಗಲಿ ಮಾಹಿತಿಯಾಗಲಿ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಹೋಗಬಾರದು ಎನ್ನುತ್ತದೆ. ಆಪ್ತಸಮಾಲೋಚಕರು ಅದರ ವ್ಯಾಖ್ಯೆಯೊಳಗೆ ಬರುತ್ತಾರೆಯೇ ಎಂದು ವಾದ ಹೂಡುವವರಿದ್ದಾರೆ. ಮೊದಲ ದಿನ ಬಾಗಿಲು ಮುಚ್ಚಿ ‘ಇದು ಇಲ್ಲಿಂದ ಹೊರಗೆ ಹೋಗುವುದಿಲ್ಲ’ ಎಂದು ನಾವೇ ಹೇಳಿರುತ್ತೇವಲ್ಲ, ನನಗೆ ಆ ಮಾತೇ ಸಾಕು.

ಈಗ ನಾನು ಮಾಡುವುದು ಹೀಗೆ. ಒಬ್ಬರ ಕಥೆ ಹೇಳಬೇಕಾದರೆ ಬರೆದದ್ದನ್ನು ಅವರಿಗೇ ಓದಿಸಿ, ಲಿಖಿತ ಒಪ್ಪಿಗೆ ಪಡೆಯುತ್ತೇನೆ. ಸಮಾಲೋಚನೆ ನಡೆಯುತ್ತಿರುವಾಗ ಕೇಳುವುದಿಲ್ಲ. ಆಗ ‘ಬೇಡ’ ಎನ್ನಲು ಅವರಿಗೆ ಸಂಕೋಚ. ಉಳಿದಂತೆ ಹಲವರಲ್ಲಿ ಕಂಡದ್ದನ್ನು ಕೂಡಿಸಿ, ಇದು ಕೂಡಿಸಿದ ಕಥೆ ಎಂದು ಸಭಿಕರಿಗೂ ಹೇಳಿಬಿಡುತ್ತೇನೆ.

ಅಕ್ಟೋಬರ್ ಬಂದರೆ ಕಂಪನಿಗಳು ಕರೆಯುತ್ತವೆ, ಶಾಲು ಹೊದಿಸಿ ಕಳಿಸುತ್ತವೆ. ದುಡ್ಡು ಕೇಳಬಹುದೇ?

ಕೇಳಿ. ಅಕ್ಟೋಬರ್ 10 ವಿಶ್ವ ಮಾನಸಿಕ ಆರೋಗ್ಯ ದಿನ, ಆ ವಾರವಿಡೀ ಹೊರವರ್ತುಲ ರಸ್ತೆಯ ಕಚೇರಿಗಳಿಗೆ ನಮ್ಮ ನೆನಪಾಗುತ್ತದೆ. ನನ್ನ ಕಪಾಟಿನಲ್ಲಿ ನೆನಪಿನ ಕಾಣಿಕೆಗಳ ಒಂದು ಸಾಲೇ ಇದೆ; ಅವುಗಳಿಂದ ಬಾಡಿಗೆ ಕಟ್ಟಲಾಗದು. ಸರ್ಕಾರಿ ಶಾಲೆಗೆ ಉಚಿತವಾಗಿ ಹೋಗುತ್ತೇನೆ, ಕಂಪನಿಗೆ ಹಾಗೆ ಹೋಗುವುದಿಲ್ಲ. ಮೊತ್ತ, ಪ್ರಯಾಣ, ರೆಕಾರ್ಡ್ ಮಾಡುತ್ತಾರೆಯೇ ಎನ್ನುವುದೆಲ್ಲ ಮೊದಲೇ ಇಮೇಲಿನಲ್ಲಿ ಇರಲಿ. ನಾನು ಒಂದು ಷರತ್ತನ್ನೂ ಸೇರಿಸುತ್ತೇನೆ: ಭದ್ರತಾ ಸಿಬ್ಬಂದಿ ಮತ್ತು ಸ್ವಚ್ಛತೆಯ ಕೆಲಸದವರಿಗೆ ಅದೇ ದಿನ ಕನ್ನಡದಲ್ಲಿ ಇನ್ನೊಂದು ಗಂಟೆ. ಹೆಚ್ಚು ಪ್ರಶ್ನೆ ಬರುವುದು ಅಲ್ಲೇ.

ಭಾಷಣ ಮುಗಿದ ಮೇಲೆ ಒಬ್ಬರು ಬಂದು ‘ನನಗೆ ಬದುಕುವುದು ಬೇಡವಾಗಿದೆ’ ಎಂದರು. ಏನು ಮಾಡಬೇಕಿತ್ತು?

ಫೋಟೊ, ಸನ್ಮಾನ ಎಲ್ಲ ಬಿಟ್ಟು ಅವರೊಂದಿಗೆ ಒಂದು ಬದಿಗೆ ಹೋಗಿ ಕುಳಿತುಕೊಳ್ಳಬೇಕಿತ್ತು. ಸಾಯುವ ಯೋಚನೆ ಇದೆಯೇ, ಹೇಗೆ ಎಂದು ಯೋಚಿಸಿದ್ದಾರೆಯೇ, ಇವತ್ತೇ ಎನಿಸಿದೆಯೇ ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಬರುತ್ತದೆ ಎಂಬುದು ತಪ್ಪು ನಂಬಿಕೆ. ಅವರ ಒಪ್ಪಿಗೆಯಿಂದ ಮನೆಯವರೊಬ್ಬರಿಗೆ ಅಲ್ಲಿಂದಲೇ ಫೋನ್ ಮಾಡಿಸಿ. ಅಪಾಯ ಹತ್ತಿರವಿದೆ ಎನಿಸಿದರೆ ಒಬ್ಬರನ್ನೇ ಬಿಡಬೇಡಿ. ಆಗ ಒಪ್ಪಿಗೆಗೆ ಕಾಯುವುದೂ ಬೇಡ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಹಗಲು ರಾತ್ರಿ ತುರ್ತು ಸೇವೆ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿಯೂ ಮಾತನಾಡುತ್ತಾರೆ. ಈ ಸಂಖ್ಯೆಯನ್ನು ಕೊನೆಯ ಸ್ಲೈಡಿನಲ್ಲಿ ಹಾಕಬೇಡಿ, ಆಗ ಎಲ್ಲರೂ ಎದ್ದು ಹೊರಟಿರುತ್ತಾರೆ, ಎರಡನೆಯದರಲ್ಲೇ ಹಾಕಿ. ದೊಡ್ಡ ಸಭೆಗೆ ಸಹೋದ್ಯೋಗಿಯೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುವುದು ನನ್ನ ರೂಢಿ. ಒಬ್ಬರು ಬಂದರೆ ಹಿಂದೆ ಇನ್ನಿಬ್ಬರು ನಿಂತಿರುತ್ತಾರೆ.

ಸಭೆಯಲ್ಲಿ ನನ್ನ ಕ್ಲೈಂಟ್ ಕುಳಿತಿದ್ದಾರೆ. ಗುರುತು ತೋರಿಸಲೇ?

ಅವರು ನಕ್ಕರೆ ನಗಿ, ಅವರು ನೋಡದಿದ್ದರೆ ನೀವೂ ನೋಡಲಿಲ್ಲ. ಮುಂದಿನ ಭೇಟಿಯಲ್ಲಿ ಮಾತು ತೆಗೆಯಿರಿ.

ಹಿರಿಯರೊಬ್ಬರು ‘ನನ್ನ ಹೆಸರನ್ನೂ ಪ್ರಬಂಧಕ್ಕೆ ಸೇರಿಸಮ್ಮ’ ಎಂದರು. ಇಲ್ಲ ಎನ್ನುವುದು ಹೇಗೆ?

ಕಷ್ಟ. ಮುಂದೆ ಅವರ ಶಿಫಾರಸು ಪತ್ರ ಬೇಕಾಗುತ್ತದೆ ಎಂಬುದು ಇಬ್ಬರಿಗೂ ಗೊತ್ತು. ‘ಸರ್, ನಿಮ್ಮ ಹೆಸರಿದ್ದರೆ ನನಗೆ ಬಲ. ಫಲಿತಾಂಶದ ಭಾಗವನ್ನು ನೀವು ಬರೆದುಕೊಡುತ್ತೀರಾ, ಭಾನುವಾರ ಕಳಿಸಲೇ?’ ಎಂದು ನಾನು ಒಮ್ಮೆ ಕೇಳಿದೆ. ಬರೆದುಕೊಟ್ಟಿದ್ದರೆ ಅವರ ಹೆಸರು ನ್ಯಾಯವಾಗಿಯೇ ಬರುತ್ತಿತ್ತು. ಭಾನುವಾರಗಳು ಕಳೆದವು, ಕೃತಜ್ಞತೆಯ ಸಾಲಿನಲ್ಲಿ ಹೆಸರು ಹಾಕಿದೆ. ಸ್ವಲ್ಪ ದಿನ ಮುನಿಸಿಕೊಂಡಿದ್ದರು.

ಇರುವ ಸಂಘಗಳು ಯಾವುವೂ ಸರಿಹೋಗಲಿಲ್ಲ. ನಾವೇ ಒಂದು ಕಟ್ಟಬಹುದೇ?

ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಏಳು ಜನ ಸಾಕು. ಬೈಲಾ ಬರೆದು, ಸಹಿ ಹಾಕಿ, ಜಿಲ್ಲಾ ನೋಂದಣಾಧಿಕಾರಿಗೆ ಸಲ್ಲಿಸುವುದು ಒಂದೆರಡು ವಾರದ ಓಡಾಟ. ಆದರೆ ಆಮೇಲೆ ಪ್ರತಿ ವರ್ಷ ಮಹಾಸಭೆ ಕರೆಯಬೇಕು, ಲೆಕ್ಕ ತಪಾಸಣೆ ಮಾಡಿಸಬೇಕು, ಪದಾಧಿಕಾರಿಗಳ ಪಟ್ಟಿ ಸಲ್ಲಿಸಬೇಕು. ಹಾಗಾಗಿ ನೋಂದಣಿಗೆ ಮೊದಲು ಒಂದು ವರ್ಷ ತಿಂಗಳಿಗೊಮ್ಮೆ ಸುಮ್ಮನೆ ಸೇರಿ ನೋಡಿ. ಹನ್ನೆರಡನೆಯ ತಿಂಗಳೂ ಏಳು ಜನ ಬಂದರೆ ನನಗೆ ಫೋನ್ ಮಾಡಿ, ಬೈಲಾದ ಕರಡು ಕೊಡುತ್ತೇನೆ. ಖಜಾಂಚಿಯಾಗಲು ಮಾತ್ರ ಕೇಳಬೇಡಿ.